ಬಹಿರುಷ್ಣಕ ಮತ್ತು ಅಂತರುಷ್ಣಕ ಕ್ರಿಯೆಗಳು

ರಾಸಾಯನಿಕ ಕ್ರಿಯೆ ನಡೆಯುವಾಗ ಶಾಖ ಹೊರಬಂದು ಸುತ್ತಲಿನ ವಸ್ತುಗಳನ್ನು ಬಿಸಿಮಾಡಿದರೆ ಅದು ಬಹಿರುಷ್ಣಕ ಕ್ರಿಯೆ. ಸುತ್ತಲಿನ ಶಾಖವನ್ನು ಒಳಗೆಳೆದುಕೊಂಡರೆ ಅಂತರುಷ್ಣಕ ಕ್ರಿಯೆ. ಸೌದೆ ಉರಿಯುವುದು, ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಕೊತಕೊತ ಕುದಿಯುವುದು, ಸಿಮೆಂಟು ಗಟ್ಟಿಯಾಗುವುದು, ತಿಂದ ಅನ್ನ ಮೈಯಲ್ಲಿ ಕರಗಿ ಬಲವಾಗುವುದು ಮೊದಲನೆಯ ಬಗೆಗೆ ಸೇರಿದವು. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಡುವುದು, ಅಡುಗೆ ಸೋಡಾ ಬಿಸಿಗೆ ಒಡೆಯುವುದು, ಹಸಿರೆಲೆ ಬಿಸಿಲಿನಲ್ಲಿ ಸಕ್ಕರೆ ಕಟ್ಟುವುದು ಎರಡನೆಯ ಬಗೆ. ಈ ವಿಂಗಡಣೆಗೆ ಯುರೋಪಿನ ಭಾಷೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನು ಕೊಟ್ಟವನು 19ನೆಯ ಶತಮಾನದ ಫ್ರೆಂಚ್ ರಸಾಯನವಿಜ್ಞಾನಿ ಮಾರ್ಸೆಲಿನ್ ಬರ್ತೆಲೊ.

ಶಾಲೆಯ ಪುಸ್ತಕಗಳಲ್ಲಿ ಎರಡನ್ನೂ ಎರಡು ಪಟ್ಟಿಗಳಾಗಿ ಬರೆದು ಬಾಯಿಪಾಠ ಮಾಡಿಸುವುದುಂಟು. ಪಟ್ಟಿ ಪರೀಕ್ಷೆಗೆ ಸಾಕು, ತಿಳಿವಳಿಕೆಗೆ ಸಾಲದು. ಎಡದಿಂದ ಬಲಕ್ಕೆ ನಡೆದಾಗ ಶಾಖ ಬಿಡುವ ಕ್ರಿಯೆ ಬಲದಿಂದ ಎಡಕ್ಕೆ ಮರಳುವಾಗ ಅಷ್ಟೇ ಶಾಖವನ್ನು ಕೇಳುತ್ತದೆ. ದಿನಬಳಕೆಯಲ್ಲಿ ಇವೆರಡೂ ಸಾಮಾನ್ಯವಾಗಿ ಜೋಡಿಯಾಗಿಯೇ ಕಾಣಿಸಿಕೊಳ್ಳುತ್ತವೆ. ಒಂದನ್ನು ನಡೆಸಲು ಇನ್ನೊಂದು ಬೇಕಾಗುತ್ತದೆ.

ಶಾಖದ ಮೂಲ

ಅಣುವಿನಲ್ಲಿ ಪರಮಾಣುಗಳನ್ನು ಹಿಡಿದಿಟ್ಟಿರುವ ಬಂಧಗಳನ್ನು ಮುರಿಯಲು ಶಕ್ತಿ ಬೇಕು. ಹೊಸ ಬಂಧಗಳು ಏರ್ಪಡುವಾಗ ಶಕ್ತಿ ಹೊರಬರುತ್ತದೆ. ಯಾವ ಕ್ರಿಯೆಯಲ್ಲಾದರೂ ಮೊದಲು ಕೆಲವು ಬಂಧಗಳು ಮುರಿದು ಬಳಿಕ ಬೇರೆ ಬಂಧಗಳು ಕೂಡಬೇಕಾದ್ದರಿಂದ ಶಾಖದ ಖರ್ಚೂ ಉಂಟು, ಗಳಿಕೆಯೂ ಉಂಟು. ಕೊನೆಗೆ ಗಳಿಕೆ ಹೆಚ್ಚಾದರೆ ಕ್ರಿಯೆ ಬಹಿರುಷ್ಣಕ, ಖರ್ಚು ಹೆಚ್ಚಾದರೆ ಅಂತರುಷ್ಣಕ.

ಜಲಜನಕ ಉರಿದು ನೀರಾಗುವುದನ್ನು ತೆಗೆದುಕೊಳ್ಳೋಣ. ಒಂದು ಮೋಲ್, ಅಂದರೆ 2 ಗ್ರಾಂ, ಜಲಜನಕದ ಬಂಧಗಳನ್ನು ಮುರಿಯಲು 436 ಕಿಲೋಜೌಲ್ ಬೇಕು. ಅದರ ಜೊತೆ ಸೇರುವ ಅರ್ಧ ಮೋಲ್ ಆಮ್ಲಜನಕವನ್ನು ಬಿಡಿಸಲು 249. ಒಟ್ಟು ಖರ್ಚು 685. ನೀರಿನ ಅಣುವಿನಲ್ಲಿ ಜಲಜನಕ ಮತ್ತು ಆಮ್ಲಜನಕಗಳ ನಡುವೆ ಎರಡು ಬಂಧಗಳಿದ್ದು, ಒಂದೊಂದರಿಂದಲೂ ಸುಮಾರು 463ರಂತೆ 926 ಕಿಲೋಜೌಲ್ ಹೊರಬರುತ್ತದೆ. ಉಳಿದ 241 ಕಿಲೋಜೌಲ್‌ಗಳೇ ಉರಿಯ ಬಿಸಿ. ‘ಇಂಧನದ ಬಂಧಗಳಲ್ಲಿ ಶಕ್ತಿ ಅಡಗಿದೆ, ಬಂಧ ಮುರಿದಾಗ ಅದು ಹೊರಬರುತ್ತದೆ’ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಅದು ನಿಜಕ್ಕೆ ತಲೆಕೆಳಗು.

ಹೊಸ ಬಂಧದ ಗಳಿಕೆ ಬರುವ ಮುಂಚೆ ಹಳೆಯದನ್ನು ಸಡಿಲಿಸುವ ಖರ್ಚು ಆಗಲೇಬೇಕು. ಈ ಮುಂಗಡಕ್ಕೆ ಸಕ್ರಿಯಣ ಶಕ್ತಿ ಎಂದು ಹೆಸರು. ಸೌದೆ ಗಾಳಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಹೊತ್ತಿಕೊಳ್ಳದಿರುವುದಕ್ಕೆ, ಒಂದು ಕಡ್ಡಿ ಗೀರಿದರೆ ಹೊತ್ತಿಕೊಳ್ಳುವುದಕ್ಕೆ ಕಾರಣ ಇದೇ. ಬೆಂಕಿಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ, ಪೆಟ್ಟಿಗೆಯ ಪಕ್ಕದ ಪಟ್ಟಿಯಲ್ಲಿ ಕೆಂಪು ರಂಜಕ. ಗೀರಿದಾಗ ಹುಟ್ಟುವ ಅಲ್ಪ ಶಾಖ ಇವೆರಡರ ಕ್ರಿಯೆಗೆ ಸಾಕು. ಅದರಿಂದ ಬಂದ ಶಾಖ ಕಡ್ಡಿಗೆ ಸಾಕು. ಕಡ್ಡಿಯದು ಚಕ್ಕೆ ಸೌದೆಗೆ, ಚಕ್ಕೆಯದು ದಪ್ಪ ಕೊರಡಿಗೆ. ಹೊತ್ತಿಸಲು ಬೆಂಕಿ ಬೇಕಾಯಿತು ಎಂಬ ಕಾರಣಕ್ಕೆ ದಹನವನ್ನು ಅಂತರುಷ್ಣಕ ಎಂದು ಬರೆಯುವ ವಿದ್ಯಾರ್ಥಿಗಳು ಮುಂಗಡವನ್ನೇ ಒಟ್ಟು ಲೆಕ್ಕವೆಂದು ಎಣಿಸುತ್ತಾರೆ.

ಸುಣ್ಣ

ಶಾಖ ಬಿಡುವ ಮತ್ತು ಹೀರುವ ಕ್ರಿಯೆಗಳೆರಡನ್ನೂ ಒಂದೇ ವಸ್ತುವಿನಲ್ಲಿ ನೋಡಬೇಕಾದರೆ ಸುಣ್ಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸುಣ್ಣದಕಲ್ಲು, ಕಡಲ ತೀರದಲ್ಲಾದರೆ ಚಿಪ್ಪು, ಹೆಚ್ಚುಕಡಿಮೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಗಾರರು ಅದನ್ನು ಇದ್ದಿಲಿನೊಂದಿಗೆ ಪದರ ಪದರವಾಗಿ ಗೂಡಿಗೆ ತುಂಬಿ ಸುಡುತ್ತಾರೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಲ್ಲು ಒಡೆದು ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ 100 ಕಿಲೋ ಕಲ್ಲಿನಿಂದ ಉಳಿಯುವುದು 56 ಕಿಲೋ ಮಾತ್ರ; ಉಳಿದ 44 ಕಿಲೋ ಗಾಳಿಯ ಪಾಲು. ಸುಟ್ಟ ಕಲ್ಲು ಕೈಗೆ ಹಗುರವಾಗಿ ಹತ್ತುವುದು ಇದರಿಂದ. ಹೀಗೆ ಹೊರಡುವ ಅನಿಲವನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 18ನೆಯ ಶತಮಾನದ ಮಧ್ಯದಲ್ಲಿ ತೂಕ ಹಾಕಿ ತೋರಿಸಿದ. ನೀರಿನ ಗುಪ್ತೋಷ್ಣವನ್ನು ಕಂಡುಕೊಂಡವನೂ ಅವನೇ.

ಈ ವಿಭಜನೆ ಅಂತರುಷ್ಣಕ. ಒಂದು ಮೋಲ್, ಅಂದರೆ 100 ಗ್ರಾಂ, ಕಲ್ಲಿಗೆ 178 ಕಿಲೋಜೌಲ್ ಶಾಖ ಬೇಕು. ಗೂಡಿನಲ್ಲಿ ಇದ್ದಿಲು ಉರಿಯುವುದು ಬಹಿರುಷ್ಣಕ, ಅದರ ಪಕ್ಕದಲ್ಲೇ ಕಲ್ಲು ಒಡೆಯುವುದು ಅಂತರುಷ್ಣಕ. ಬೆಂಕಿ ಸಾಲದೆ ಹೋದರೆ ಕಲ್ಲಿನ ನಡುಭಾಗ ಬೇಯದೆ ಉಳಿಯುತ್ತದೆ. ಅಂಥ ಬೇಯದ ತುಂಡು ನೀರಿಗೆ ಅರಳುವುದಿಲ್ಲ, ಸೋಸುವಾಗ ಕಲ್ಲಾಗಿಯೇ ಸಿಗುತ್ತದೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವುದು ಮುಂದಿನ ಹಂತ. ಮೊದಲ ಕ್ಷಣಗಳಲ್ಲಿ ಏನೂ ಕಾಣದು. ಆಮೇಲೆ ಉಂಡೆಗಳು ಸಿಡಿದು ಬಿರಿದು, ಆವಿ ಎದ್ದು, ನೀರು ಕುದಿಯತೊಡಗುತ್ತದೆ. ಒಂದು ಮೋಲ್‌ಗೆ ಸುಮಾರು 65 ಕಿಲೋಜೌಲ್ ಹೊರಬರುವ ಈ ಕ್ರಿಯೆಯಲ್ಲಿ ಒಂದು ಕಿಲೋ ಸುಣ್ಣದಿಂದ ಬರುವ ಶಾಖ 1,100 ಕಿಲೋಜೌಲ್ ದಾಟುತ್ತದೆ. ಸೋರಿಹೋಗದಂತೆ ಹಿಡಿದಿಟ್ಟರೆ ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಬೆಂಕಿಯಿಲ್ಲದೆ ಊಟ ಬಿಸಿಮಾಡುವ ಡಬ್ಬಿಗಳಲ್ಲಿ ಈ ಕ್ರಿಯೆಯನ್ನೇ ಬಳಸುವುದುಂಟು. ಲಾರಿಯಲ್ಲೋ ಗೋದಾಮಿನಲ್ಲೋ ಸುಟ್ಟ ಸುಣ್ಣದ ಚೀಲ ಮಳೆಗೆ ನೆನೆದರೆ ಪಕ್ಕದ ಗೋಣಿಗೂ ಮರಕ್ಕೂ ಬೆಂಕಿ ತಗುಲುವ ಅಪಾಯ ಉಂಟಾಗುವುದು ಈ ಶಾಖದಿಂದಲೇ.

ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೂ ಕ್ರಿಯೆ ಮುಗಿದಿರುವುದಿಲ್ಲ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲನೆ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಬಳಿದ ಒಂದೆರಡು ದಿನಗಳಲ್ಲಿ ಗೋಡೆ ಬೆಳ್ಳಗೆ ಹೊಳೆಯುವುದಕ್ಕೆ ಈ ಕಾರ್ಬೊನೇಟೇ ಕಾರಣ. ಇಲ್ಲಿಯೂ ಶಾಖ ಬರುತ್ತದೆ, ಮೋಲ್‌ಗೆ 113 ಕಿಲೋಜೌಲ್, ಅರಳಿಸುವಾಗ ಬಂದದ್ದಕ್ಕಿಂತ ಹೆಚ್ಚು. ಆದರೆ ದಿನಗಟ್ಟಲೆ ಹರಡಿಕೊಂಡು ಬರುವುದರಿಂದ ಗೋಡೆ ಮುಟ್ಟಿದವರಿಗೆ ಬಿಸಿ ತಿಳಿಯುವುದಿಲ್ಲ. ಈಗ 65ಕ್ಕೆ 113 ಕೂಡಿಸಿದರೆ 178. ಗೂಡಿನಲ್ಲಿ ಕೊಟ್ಟ ಸಾಲ ಎರಡು ಕಂತುಗಳಲ್ಲಿ ಪೂರ್ತಿ ಮರಳಿ ಬಂದಂತಾಯಿತು.

ಇದು ಆಕಸ್ಮಿಕವಲ್ಲ. ಜಿನೀವಾದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಜರ್ಮೇನ್ ಹೆಸ್ 1840ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಆರಂಭದ ಮತ್ತು ಕೊನೆಯ ವಸ್ತುಗಳು ಒಂದೇ ಆಗಿದ್ದರೆ ನಡುವೆ ಎಷ್ಟು ಹಂತಗಳಿದ್ದರೂ ಶಾಖದ ಒಟ್ಟು ಮೊತ್ತ ಬದಲಾಗದು. ಕಲ್ಲು ಸುಣ್ಣವಾಗಿ, ಸುಣ್ಣ ಮತ್ತೆ ಕಲ್ಲಾದಾಗ ಮೊತ್ತ ಸೊನ್ನೆ. ಪ್ರಯೋಗಾಲಯದಲ್ಲಿ ಅಳೆಯಲಾಗದ ಎಷ್ಟೋ ಕ್ರಿಯೆಗಳ ಶಾಖವನ್ನು ರಸಾಯನವಿಜ್ಞಾನಿಗಳು ಇಂದಿಗೂ ಈ ದಾರಿಯಲ್ಲೇ ಕಾಗದದ ಮೇಲೆ ಕಂಡುಹಿಡಿಯುತ್ತಾರೆ.

ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರಿಗೆ ಸುಣ್ಣದ ಬಿಸಿ ಮಳೆಗಾಲದ ಕೆಲಸದ ಒಂದು ಭಾಗ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲಿ ಪ್ರಕಟಿಸಿದ ಅಧ್ಯಯನದ ಕಾಲದಿಂದಲೂ ಈ ಔಷಧಿಯ ಮಾತು ನಮ್ಮ ತೋಟಗಳಲ್ಲಿದೆ. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ, ಸೋಸಿ, ಪೂರ್ತಿ ಆರಿದ ಮೇಲೆಯೇ ಮೈಲುತುತ್ತದ ನೀರಿನೊಂದಿಗೆ ಬೆರೆಸಬೇಕು. ಬಿಸಿ ಇರುವಾಗಲೇ ಬೆರೆಸಿದರೆ ಕಣಗಳು ದಪ್ಪಗಾಗಿ ಬೇಗ ತಳಕ್ಕಿಳಿಯುತ್ತವೆ, ಗೊನೆಗೆ ಸರಿಯಾಗಿ ಅಂಟುವುದಿಲ್ಲ.

ಸಿಮೆಂಟು ಮತ್ತು ಜಿಪ್ಸಮ್

ಸಿಮೆಂಟಿನ ಕಥೆ ಸುಣ್ಣದ ಕಥೆಯ ಮುಂದುವರಿಕೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂಗಳ ಕಾರ್ಖಾನೆಗಳಲ್ಲಿ ಸುಣ್ಣದಕಲ್ಲನ್ನು ಜೇಡಿಯಂಥ ಪದಾರ್ಥಗಳೊಂದಿಗೆ 1,450 ಡಿಗ್ರಿಯವರೆಗೆ ಕಾಯಿಸಿ ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ತಯಾರಿಸುತ್ತಾರೆ. ಒಂದು ಟನ್ ಕ್ಲಿಂಕರ್ ಆಗುವಷ್ಟರಲ್ಲಿ ಕಲ್ಲಿನಿಂದಲೇ ಅರ್ಧ ಟನ್ನಿಗಿಂತ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲಿನ ಹೊಗೆ ಇದರ ಮೇಲೆ. ಕುಲುಮೆಗೆ ಸೌರಶಕ್ತಿಯನ್ನೇ ಕೊಟ್ಟರೂ ಕಲ್ಲಿನ ಪಾಲು ತಪ್ಪುವುದಿಲ್ಲ. ಸಿಮೆಂಟು ಉದ್ಯಮವನ್ನು ಹಸಿರುಗೊಳಿಸುವ ಮಾತು ಹೇಳುವುದು ಸುಲಭ, ಮಾಡುವುದು ಕಷ್ಟ ಎನ್ನುವುದು ಇದಕ್ಕೇ.

ಕಟ್ಟಡದ ಜಾಗದಲ್ಲಿ ಸಿಮೆಂಟಿಗೆ ನೀರು ಸೇರಿದಾಗ ನಡೆಯುವುದು ಬಹಿರುಷ್ಣಕ ಕ್ರಿಯೆ. ಕಿಲೋ ಸಿಮೆಂಟಿಗೆ ಕೆಲವು ವಾರಗಳಲ್ಲಿ 350ರಿಂದ 450 ಕಿಲೋಜೌಲ್‌ವರೆಗೆ ಶಾಖ ಬರುತ್ತದೆ. ನಾಲ್ಕೈದು ಇಂಚಿನ ತಾರಸಿಯಿಂದ ಅದು ಬೇಗ ಸೋರಿಹೋಗುತ್ತದೆ. ಹತ್ತಾರು ಅಡಿ ದಪ್ಪದ ಅಣೆಕಟ್ಟಿನಲ್ಲಿ ಹಾಗಾಗದು: ಒಳಗಿನ ಭಾಗ ಕಾದು ಹಿಗ್ಗಿ, ಹೊರಗಿನದು ಆರಿ ಕುಗ್ಗಿ, ಕಾಂಕ್ರೀಟು ಬಿರಿಯುತ್ತದೆ. 1935ರಲ್ಲಿ ಮುಗಿದ ಅಮೆರಿಕದ ಹೂವರ್ ಅಣೆಕಟ್ಟು ತಾನಾಗಿ ತಣಿಯಲು ನೂರು ವರ್ಷಕ್ಕೂ ಹೆಚ್ಚು ಬೇಕಾಗುತ್ತಿತ್ತೆಂದು ಎಂಜಿನಿಯರುಗಳು ಲೆಕ್ಕ ಹಾಕಿ, ಕಾಂಕ್ರೀಟಿನೊಳಗೇ ಕೊಳವೆಗಳನ್ನು ಹುದುಗಿಸಿ ತಣ್ಣೀರು ಹರಿಸಿದರು. ಕೃಷ್ಣರಾಜಸಾಗರಕ್ಕೆ ಬಳಸಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಅದು ನಿಧಾನವಾಗಿ ಗಟ್ಟಿಯಾಗುವ ವಸ್ತು, ಶಾಖವನ್ನೂ ನಿಧಾನವಾಗಿಯೇ ಬಿಡುತ್ತದೆ.

ಹೊಸ ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಸಿಮೆಂಟಿನ ಬಿಸಿ ಆರಿಸಲು ಎಂದು ಹಲವರು ತಿಳಿದಿದ್ದಾರೆ. ಬಿಸಿ ಆರುವುದು ಅದರ ಅಡ್ಡ ಲಾಭ ಅಷ್ಟೇ. ಕ್ರಿಯೆ ಮುಂದುವರಿಯಲು ನೀರು ಬೇಕು. ಒಣಗಿದರೆ ಕ್ರಿಯೆ ಅರ್ಧಕ್ಕೆ ನಿಂತು ಕಾಂಕ್ರೀಟಿಗೆ ಪೂರ್ತಿ ಬಲ ಬರುವುದಿಲ್ಲ.

ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಪಟ್ಟಿ ಗಟ್ಟಿಯಾಗುವಾಗ ಬೆಚ್ಚಗಾದದ್ದು ನೆನಪಿರಬಹುದು. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿಗೆ ಹುರಿದಾಗ ಅದರ ಹರಳಿನೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ಇದಕ್ಕೆ ಶಾಖ ಬೇಕು. ಮತ್ತೆ ನೀರು ಕೊಟ್ಟರೆ ಶಾಖ ಬಿಟ್ಟು ಜಿಪ್ಸಮ್ ಆಗಿ ಮರಳುತ್ತದೆ. ಕಚೇರಿ, ಅಂಗಡಿಗಳ ಫಾಲ್ಸ್ ಸೀಲಿಂಗ್‌ನ ಹಲಗೆಯೂ ಇದೇ ಜಿಪ್ಸಮ್. ಅದರ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹರಳಿನಲ್ಲಿ ಸಿಕ್ಕಿಕೊಂಡ ನೀರು. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಆ ನೀರು ಬಿಡುಗಡೆಯಾಗಲು ಬೆಂಕಿಯ ಶಾಖವನ್ನೇ ಹೀರುವುದರಿಂದ ಹಲಗೆಯ ಹಿಂಬದಿ ಸ್ವಲ್ಪ ಹೊತ್ತು ತಣ್ಣಗೇ ಇರುತ್ತದೆ, ಜನ ಹೊರಬರಲು ಸಮಯ ಸಿಗುತ್ತದೆ.

ಉರಿ

ಮನುಷ್ಯ ಬೇಕೆಂದೇ ನಡೆಸಿದ ಮೊದಲ ರಾಸಾಯನಿಕ ಕ್ರಿಯೆ ಬೆಂಕಿ ಎನ್ನಬಹುದು. ಇಂದಿನ ಅಡುಗೆಮನೆಯ 14.2 ಕಿಲೋ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಅದರ ಒಂದು ಕಿಲೋ ಉರಿದರೆ ಸುಮಾರು 46,000 ಕಿಲೋಜೌಲ್ ಶಾಖ. ಒಂದು ಲೀಟರ್ ನೀರು ಕುದಿಯಲು ಲೆಕ್ಕದ ಪ್ರಕಾರ 7 ಗ್ರಾಂ ಅನಿಲ ಸಾಕು. ಶಾಖದ ಒಂದು ಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುವುದರಿಂದ ನಿಜಕ್ಕೆ 10 ಗ್ರಾಂ ಮೇಲೆಯೇ ಬೇಕಾಗುತ್ತದೆ. ಒಂದು ಕಿಲೋ ಅನಿಲ ಉರಿಯಲು 15 ಕಿಲೋಗೂ ಹೆಚ್ಚು ಗಾಳಿ ಬೇಕು. ಅಡುಗೆಮನೆಯ ಕಿಟಕಿ ತೆರೆದಿರಬೇಕೆನ್ನುವುದು ಬರಿಯ ಹೊಗೆಯ ವಿಚಾರವಲ್ಲ.

ಗಾಳಿ ಸಾಲದಿದ್ದಾಗ ಆಗುವ ನಷ್ಟವನ್ನು ಇದ್ದಿಲಿನಲ್ಲಿ ಸ್ಪಷ್ಟವಾಗಿ ಕಾಣಬಹುದು. 12 ಗ್ರಾಂ ಇಂಗಾಲ ಪೂರ್ತಿ ಉರಿದು ಡೈಆಕ್ಸೈಡ್ ಆದರೆ 393.5 ಕಿಲೋಜೌಲ್ ಬರುತ್ತದೆ. ಅರೆಬರೆ ಉರಿದು ಮೊನಾಕ್ಸೈಡ್ ಆದರೆ ಬರುವುದು 110.5 ಮಾತ್ರ, ಮುಕ್ಕಾಲಿಗೆ ಹತ್ತಿರದಷ್ಟು ಶಾಖ ಅನಿಲದ ಜೊತೆಯಲ್ಲೇ ಹೊರಟುಹೋಗುತ್ತದೆ. ಊದುಗೊಳವೆಯಿಂದ ಊದಿದಾಗ ಒಲೆ ಭಗ್ಗನೆ ಹೊತ್ತುವುದು ಆಮ್ಲಜನಕ ಸಿಕ್ಕಿದ್ದರಿಂದ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವವರಿಗೆ ಈ ಬಣ್ಣವಿಲ್ಲದ, ವಾಸನೆಯಿಲ್ಲದ ಮೊನಾಕ್ಸೈಡೇ ಮೃತ್ಯು.

ಅದೇ ಮೊನಾಕ್ಸೈಡನ್ನು ಜಾಣತನದಿಂದ ಬಳಸಿದ್ದೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದಿದ್ದಾಗ ನಮ್ಮ ರಸ್ತೆಗಳಲ್ಲಿ ಓಡಿದ ಇದ್ದಿಲಿನ ಬಸ್ಸುಗಳ ಹಿಂದೆ ಒಂದು ಉರುಳೆಯಾಕಾರದ ಒಲೆ ಇರುತ್ತಿತ್ತು. ಅದರಲ್ಲಿ ಇದ್ದಿಲನ್ನು ಬೇಕೆಂದೇ ಅರೆಬರೆ ಉರಿಸಿ, ಬಂದ ಅನಿಲವನ್ನು ಎಂಜಿನ್ನಿಗೆ ಕೊಟ್ಟು ಅಲ್ಲಿ ಪೂರ್ತಿ ಉರಿಸುತ್ತಿದ್ದರು. ಕಾದ ಇದ್ದಿಲಿನ ಮೇಲೆ ನೀರಾವಿ ಹಾಯಿಸಿದರೆ ಮೊನಾಕ್ಸೈಡ್ ಮತ್ತು ಜಲಜನಕ ಬರುತ್ತವೆ. ಈ ಕ್ರಿಯೆ ಮೋಲ್‌ಗೆ 131 ಕಿಲೋಜೌಲ್ ಹೀರುವ ಅಂತರುಷ್ಣಕ. ಆವಿ ಹೆಚ್ಚಾದರೆ ಒಲೆ ಆರಿಹೋಗುತ್ತದೆ, ಗಾಳಿ ಹೆಚ್ಚಾದರೆ ಅನಿಲದ ಬಲ ಕುಂದುತ್ತದೆ.

ಬಚ್ಚಲ ಒಲೆಯ ಲೆಕ್ಕವೂ ನೋಡತಕ್ಕದ್ದು. 40 ಲೀಟರಿನ ಹಂಡೆಯ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 5,900 ಕಿಲೋಜೌಲ್ ಬೇಕು. ಒಣ ಸೌದೆಯ ಕಿಲೋವೊಂದರಲ್ಲಿ ಸುಮಾರು 15,000 ಕಿಲೋಜೌಲ್ ಇರುವುದರಿಂದ ಅರ್ಧ ಕಿಲೋ ಸೌದೆ ಸಾಕಾಗಬೇಕಿತ್ತು. ಮೂರು ಕಲ್ಲಿನ ಒಲೆಗೆ ಅದರ ಹಲವು ಪಟ್ಟು ಸೌದೆ ಹಿಡಿಯುತ್ತದೆ. ಕ್ರಿಯೆಯಲ್ಲಿ ದೋಷವಿಲ್ಲ, ಶಾಖ ಹಂಡೆಗೆ ತಲುಪದೆ ಪೋಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದಿಂದ ಬಂದ ‘ಅಸ್ತ್ರ ಒಲೆ’ ಸರಿಪಡಿಸಿದ್ದು ಈ ಪೋಲನ್ನೇ. ಹಸಿ ಸೌದೆಯ ಕಷ್ಟ ಬೇರೆ: ಅದರೊಳಗಿನ ಒಂದೊಂದು ಕಿಲೋ ನೀರೂ ಆವಿಯಾಗಲು ಎರಡೂಕಾಲು ಸಾವಿರ ಕಿಲೋಜೌಲ್ ತಿನ್ನುತ್ತದೆ.

ಶಾಖದ ಮೊತ್ತ ಬೇರೆ, ತಾಪದ ಏರಿಕೆ ಬೇರೆ. ಇದಕ್ಕೆ ಒಳ್ಳೆಯ ಸಾಕ್ಷಿ ರೈಲು ಹಳಿ ಬೆಸೆಯುವ ಥರ್ಮಿಟ್. ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ 1890ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ಅಲ್ಯೂಮಿನಿಯಂ ಪುಡಿ ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಗ್ರಾಂ ಮಿಶ್ರಣಕ್ಕೆ ಬರುವುದು ಬರೇ 4 ಕಿಲೋಜೌಲ್. ಅಡುಗೆ ಅನಿಲದ್ದು ಅದರ ಹತ್ತು ಪಟ್ಟಿಗೂ ಮೇಲೆ. ಆದರೂ ಥರ್ಮಿಟ್‌ನಲ್ಲಿ ತಾಪ 2,000 ಡಿಗ್ರಿ ದಾಟಿ ಕಬ್ಬಿಣ ನೀರಾಗಿ ಹರಿಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಕ್ರಿಯೆ ಮುಗಿಯುತ್ತದೆ, ಶಾಖವನ್ನು ಹೊತ್ತೊಯ್ಯಲು ಹೊಗೆಯಾಗಲಿ ಗಾಳಿಯ ಸಾರಜನಕವಾಗಲಿ ಇರುವುದಿಲ್ಲ.

ಕಣ್ಣಿಗೆ ಕಾಣದ ಬಿಸಿ

ಫ್ರೆಂಚ್ ವಿಜ್ಞಾನಿಗಳಾದ ಲಾವೊಸಿಯೆ ಮತ್ತು ಲಾಪ್ಲಾಸ್ 1782–83ರ ಚಳಿಗಾಲದಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟು, ಎಷ್ಟು ಮಂಜು ಕರಗಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಬಂತು ಎಂದು ಅಳೆದರು. ಅಷ್ಟೇ ಡೈಆಕ್ಸೈಡ್ ಕೊಡುವಷ್ಟು ಇದ್ದಿಲು ಉರಿಸಿದಾಗ ಕರಗುವ ಮಂಜಿಗೆ ಅದು ಸಾಕಷ್ಟು ಹತ್ತಿರವಿತ್ತು. ಉಸಿರಾಟವೂ ಒಂದು ನಿಧಾನದ ದಹನ ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ. ಒಂದು ಮೋಲ್ ಗ್ಲೂಕೋಸು, ಅಂದರೆ 180 ಗ್ರಾಂ, ಮೈಯಲ್ಲಿ ಪೂರ್ತಿ ಉತ್ಕರ್ಷಣೆಗೊಂಡರೂ ಬೆಂಕಿಯಲ್ಲಿ ಉರಿದರೂ ಹೊರಬರುವ ಒಟ್ಟು ಶಕ್ತಿ ಸುಮಾರು 2,800 ಕಿಲೋಜೌಲ್. ಎಲೆಯಲ್ಲಿ ಅದೇ ಗ್ಲೂಕೋಸು ಕಟ್ಟಲು ಅಷ್ಟೇ ಶಕ್ತಿ ಬೇಕು. ಬಿಸಿಲು ಅದನ್ನು ಕೊಡುತ್ತದೆ. ದಿನಕ್ಕೆ 2,000 ಕಿಲೋಕ್ಯಾಲೊರಿ ಉಣ್ಣುವ ಮನುಷ್ಯ ಸರಾಸರಿ ನೂರು ವಾಟ್‌ಗೆ ಸಮೀಪದ ಶಾಖವನ್ನು ಹೊರಬಿಡುತ್ತಿರುತ್ತಾನೆ. ಜನ ತುಂಬಿದ ಛತ್ರದಲ್ಲಿ ಸೆಕೆ ಏರುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಸೂಕ್ಷ್ಮಜೀವಿಗಳೂ ಹೀಗೆಯೇ. ತಿಪ್ಪೆಗುಂಡಿಯ ನಡುಭಾಗ 60 ಡಿಗ್ರಿ ದಾಟುವುದು ಅಪರೂಪವಲ್ಲ. ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಹಾಕಿದರೆ ಮೊದಲು ಜೀವಿಗಳ ಬಿಸಿ ಏರುತ್ತದೆ. ಸುಮಾರು 70 ಡಿಗ್ರಿಯಲ್ಲಿ ಅವು ಸತ್ತರೂ ಆ ವೇಳೆಗೆ ಹುಲ್ಲು ಗಾಳಿಯೊಂದಿಗೆ ನೇರವಾಗಿ ವರ್ತಿಸಲು ತೊಡಗಿರುತ್ತದೆ. ಒಳಗಿನ ಶಾಖ ಹೊರಹೋಗಲು ದಾರಿಯಿಲ್ಲದೆ ಕೊನೆಗೆ ಬಣವೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂಥ ಬೆಂಕಿಗೆ ಆಗದವರ ಮೇಲೆ ಗುಮಾನಿ ಪಡುವ ಮುನ್ನ ಹುಲ್ಲು ಒಣಗಿತ್ತೇ ಎಂದು ಕೇಳುವುದು ಮೇಲು. ಮರಕ್ಕೆ ಹಚ್ಚುವ ಅಗಸೆ ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದಾಗ ಹೊತ್ತಿಕೊಳ್ಳುವುದೂ ಇದೇ ಬಗೆ.

ಕಿಟಕಿಯ ಸರಳು ತುಕ್ಕು ಹಿಡಿಯುವುದು ಬಹಿರುಷ್ಣಕವೇ, ಆದರೆ ವರ್ಷಗಟ್ಟಲೆ ಹರಡಿಕೊಂಡದ್ದು. ಕಬ್ಬಿಣವನ್ನು ನುಣ್ಣಗೆ ಪುಡಿಮಾಡಿ, ಉಪ್ಪು, ಇದ್ದಿಲ ಪುಡಿ, ಸ್ವಲ್ಪ ತೇವ ಸೇರಿಸಿ ಗಾಳಿಯಾಡುವ ಚೀಲದಲ್ಲಿಟ್ಟರೆ ಅದೇ ತುಕ್ಕು ಕೆಲವೇ ಗಂಟೆಗಳಲ್ಲಿ ನಡೆದು ಚೀಲ ಬೆಚ್ಚಗಾಗುತ್ತದೆ. ಜಪಾನಿನಲ್ಲಿ 1970ರ ದಶಕದ ಕೊನೆಯಿಂದ ಜನಪ್ರಿಯವಾದ ಕೈಬೆಚ್ಚಗಿನ ಪೊಟ್ಟಣಗಳು ಇವು. ಹಿಮ ಬೀಳುವ ನಾಡುಗಳಲ್ಲಿ ನೆಲೆಸಿದ ಕನ್ನಡಿಗರ ಜೇಬಿನಲ್ಲೂ ಇರುತ್ತವೆ. ಸೋರುವ ಕೊಳಾಯಿಗೆ ಮೆತ್ತುವ ಎಂ-ಸೀಲ್‌ನ ಎರಡು ಉಂಡೆಗಳನ್ನು ಕಲಸಿದ ಮೇಲೆ ಬೆಚ್ಚಗಾಗುವುದು ಎಪಾಕ್ಸಿ ಗಟ್ಟಿಯಾಗುವ ಕ್ರಿಯೆಯ ಶಾಖದಿಂದ.

ತಂಪು ಮಾಡುವ ಕ್ರಿಯೆಗಳು

ಅಂತರುಷ್ಣಕ ಕ್ರಿಯೆಗಳು ಬಹುಪಾಲು ಬೆಂಕಿಯ ಪಕ್ಕದಲ್ಲೇ ನಡೆಯುವುದರಿಂದ ಅವುಗಳ ತಂಪು ನಮ್ಮ ಕೈಗೆ ಸಿಗುವುದು ಕಡಿಮೆ. ಬೇಕರಿಯ ಒಲೆಯಲ್ಲಿ ಅಡುಗೆ ಸೋಡಾ ಒಡೆದು ಅನಿಲ ಬಿಡುತ್ತ ಹಿಟ್ಟನ್ನು ಉಬ್ಬಿಸುವಾಗ ಶಾಖ ಹೀರುತ್ತದೆ, ಆದರೆ ಯಾರಿಗೂ ಗೊತ್ತಾಗದು. ಅದೇ ಸೋಡಾವನ್ನು ಒಣಪುಡಿಯ ಅಗ್ನಿಶಾಮಕಗಳಲ್ಲೂ ತುಂಬುತ್ತಾರೆ. ಅಲ್ಲಿ ಈ ಶಾಖಹೀರಿಕೆಯೂ ಸ್ವಲ್ಪಮಟ್ಟಿಗೆ ನೆರವಾಗುತ್ತದೆ.

ಬೆಂಕಿಯಿಲ್ಲದೆ ತಂಪನ್ನು ಕಾಣಬೇಕಾದರೆ ಒಂದು ಲೋಟ ನಿಂಬೆರಸಕ್ಕೆ ಅಡುಗೆ ಸೋಡಾ ಸುರಿದು ನೋಡಬಹುದು. ನೊರೆಯುಕ್ಕುತ್ತಿರುವಾಗಲೇ ತಾಪ ಕೆಲವು ಡಿಗ್ರಿ ಇಳಿಯುತ್ತದೆ. ಯೂರಿಯಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸುವ ರೈತನಿಗೆ ಬಕೆಟ್ಟು ತಣ್ಣಗಾಗುವುದು ಹೊಸತಲ್ಲ: 5 ಲೀಟರ್ ನೀರಿಗೆ ಒಂದು ಕಿಲೋ ಕರಗಿಸಿದರೆ ತಾಪ ಹತ್ತು ಡಿಗ್ರಿಯಷ್ಟು ಇಳಿಯಬಹುದು. ಗ್ಲೂಕೋಸ್ ಪುಡಿ ನಾಲಿಗೆಯ ಮೇಲೆ ತಂಪೆನಿಸುವುದೂ ಭ್ರಮೆಯಲ್ಲ, ಕರಗಲು ಬೇಕಾದ ಶಾಖವನ್ನು ಅದು ನಾಲಿಗೆಯಿಂದ ಪಡೆಯುತ್ತದೆ. ಉಳುಕಿದ ಕಾಲಿಗೆ ಒತ್ತುವ ದಿಢೀರ್ ತಂಪುಚೀಲಗಳಲ್ಲಿ ಅಮೋನಿಯಂ ನೈಟ್ರೇಟ್ ಅಥವಾ ಯೂರಿಯಾ ಇರುತ್ತದೆ. ಸಿಡಿಮದ್ದಿಗೂ ಒದಗುವ ಅಮೋನಿಯಂ ನೈಟ್ರೇಟಿನ ಮಾರಾಟ ಭಾರತದಲ್ಲಿ 2012ರ ನಿಯಮಗಳ ಹಿಡಿತದಲ್ಲಿದೆ.

ಪೆಟ್ಲುಪ್ಪಿನದು ಇನ್ನೂ ಹಳೆಯ ಕಥೆ. ಅಬುಲ್ ಫಜಲ್‌ನ ‘ಆಯಿನ್-ಇ-ಅಕ್ಬರಿ’ಯಲ್ಲಿ ಅಕ್ಬರನ ಆಸ್ಥಾನದಲ್ಲಿ ನೀರು ತಂಪುಮಾಡುವ ವಿಧಾನ ಬರುತ್ತದೆ: ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಕುಡಿಯುವ ನೀರಿನ ಲೋಹದ ಸೀಸೆಯನ್ನು ತಿರುಗಿಸುತ್ತಿದ್ದರು. ಕೋವಿಮದ್ದಿನಲ್ಲಿ ಬೆಂಕಿ ಕಾರುವ ವಸ್ತುವೇ ಇಲ್ಲಿ ತಂಪು ಕೊಡುತ್ತದೆ ಎಂಬುದನ್ನು ಆ ಗ್ರಂಥವೂ ಗಮನಿಸಿದೆ. ಇದರಲ್ಲಿ ವಿರೋಧವಿಲ್ಲ. ನೀರಿನಲ್ಲಿ ಅದರ ಹರಳು ಬಿಡಿಯಾಗಲು ಶಾಖ ಬೇಕು. ಗಂಧಕ, ಇದ್ದಿಲುಗಳ ಜೊತೆ ಅದು ಆಮ್ಲಜನಕ ಕೊಡುವ ವಸ್ತು. ‘ಉಷ್ಣದ ಪದಾರ್ಥ’, ‘ತಂಪಿನ ಪದಾರ್ಥ’ ಎಂದು ಆಹಾರವನ್ನು ವಿಂಗಡಿಸುವ ನಮ್ಮ ರೂಢಿಗೆ ಈ ಲೆಕ್ಕದೊಂದಿಗೆ ಸಂಬಂಧವಿಲ್ಲ. ರಸಾಯನವಿಜ್ಞಾನದಲ್ಲಿ ಶಾಖ ವಸ್ತುವಿನ ಗುಣವಾಗಿರದೆ ಕ್ರಿಯೆಯ ಗುಣವಾಗಿರುತ್ತದೆ.

ಶಾಖ ಬಿಡುವ ಕ್ರಿಯೆಗಳು ಮಾತ್ರ ತಾವಾಗಿ ನಡೆಯುತ್ತವೆ ಎಂದು ಡೆನ್ಮಾರ್ಕಿನ ಯೂಲಿಯುಸ್ ಟಾಮ್‌ಸೆನ್ ಮತ್ತು ಬರ್ತೆಲೊ ವಾದಿಸಿದ್ದರು. ಬರ್ತೆಲೊ 1879ರ ತನ್ನ ದೊಡ್ಡ ಗ್ರಂಥದಲ್ಲಿ ಇದನ್ನು ತತ್ತ್ವದ ಮಟ್ಟಕ್ಕೇರಿಸಿದ. ನಿಂಬೆರಸ ಮತ್ತು ಸೋಡಾದ ಲೋಟವೊಂದೇ ಆ ತತ್ತ್ವವನ್ನು ಸುಳ್ಳಾಗಿಸಲು ಸಾಕು. ವಿಜ್ಞಾನಿಗಳಾದ ಗಿಬ್ಸ್ ಮತ್ತು ಹೆಲ್ಮ್‌ಹೋಲ್ಟ್ಸ್ ತೋರಿಸಿದ ಪ್ರಕಾರ ಶಾಖದ ಜೊತೆಗೆ ಎಂಟ್ರೊಪಿಯನ್ನೂ, ಅಂದರೆ ಶಕ್ತಿ ಮತ್ತು ಕಣಗಳು ಎಷ್ಟು ಚದುರಿಕೊಂಡವು ಎಂಬುದನ್ನೂ, ಗಣನೆಗೆ ತರಬೇಕು. ಸೋಡಾದಿಂದ ಹೊರಟ ಅನಿಲ, ನೀರಿನಲ್ಲಿ ಹರಡಿದ ಯೂರಿಯಾ ಈ ಚದುರುವಿಕೆಯ ಬಲದಿಂದಲೇ ಶಾಖದ ನಷ್ಟವನ್ನು ಮೀರಿ ಮುಂದುವರಿಯುತ್ತವೆ.

ಗೊಂದಲಕ್ಕೆ ಎಡೆಕೊಡುವ ಉದಾಹರಣೆಗಳು

ಮಣ್ಣಿನ ಮಡಕೆಯ ನೀರು ತಣ್ಣಗಿರುವುದು, ಬೆವರು ಆರಿದಾಗ ಹಿತವೆನಿಸುವುದು, ದೊಡ್ಡ ಉರಿಯಲ್ಲಿ ಬಳಸುವ ಅಡುಗೆ ಅನಿಲದ ಸಿಲಿಂಡರಿನ ಮೈಮೇಲೆ ನೀರಹನಿ ಮೂಡುವುದು, ಉಪ್ಪು ಬೆರೆಸಿದ ಮಂಜುಗಡ್ಡೆ ಸೊನ್ನೆಗಿಂತ 21 ಡಿಗ್ರಿ ಕೆಳಕ್ಕೂ ಇಳಿಯುವುದು ಎಲ್ಲವೂ ಶಾಖ ಹೀರುವ ಬದಲಾವಣೆಗಳೇ. ಆದರೆ ಇಲ್ಲಿ ಹೊಸ ವಸ್ತು ಹುಟ್ಟುವುದಿಲ್ಲ. ಆವಿಯಾಗುವುದು, ಕರಗುವುದು ಭೌತಿಕ ಬದಲಾವಣೆಗಳು. ಇವನ್ನು ಅಂತರುಷ್ಣಕ ಕ್ರಿಯೆಗಳ ಪಟ್ಟಿಗೆ ಸೇರಿಸುವ ಗೈಡು ಪುಸ್ತಕಗಳು ತಪ್ಪು ಕಲಿಸುತ್ತವೆ. ಯೂರಿಯಾ, ಗ್ಲೂಕೋಸುಗಳ ಕರಗುವಿಕೆ ಕೂಡ ಕಟ್ಟುನಿಟ್ಟಾಗಿ ನೋಡಿದರೆ ರಾಸಾಯನಿಕ ಕ್ರಿಯೆಯಲ್ಲ. ಮೇಲೆ ಅವನ್ನು ಹೇಳಿದ್ದು ಶಾಖದ ಲೆಕ್ಕ ಅಲ್ಲಿಯೂ ಅದೇ ಆಗಿರುವುದರಿಂದ.

ಎಚ್ಚರಿಕೆ

ಗಾಢ ಗಂಧಕಾಮ್ಲ ನೀರಿಗೆ ಸೇರಿದಾಗ ಬಹಳ ಶಾಖ ಬರುತ್ತದೆ. ಆಮ್ಲವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ನೀರನ್ನು ಆಮ್ಲಕ್ಕೆ ಸುರಿದರೆ ಮೇಲಿನ ನೀರು ತಟ್ಟನೆ ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಕಟ್ಟಿಕೊಂಡ ಸಿಂಕಿಗೆ ಹಾಕುವ ಕಾಸ್ಟಿಕ್ ಸೋಡಾ ಪುಡಿಗೂ ಇದೇ ಮಾತು. ಅದನ್ನು ಹಾಕಿದ ಕೊಳವೆಯ ಮೇಲೆ ಬಗ್ಗಿ ನೋಡಬಾರದು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬಾರದು. ಸುಟ್ಟ ಸುಣ್ಣ ಅರಳಿಸುವಾಗ ಕನ್ನಡಕ ಹಾಕಿಕೊಳ್ಳಬೇಕು, ಮಕ್ಕಳನ್ನು ದೂರವಿಡಬೇಕು. ಎಲೆಅಡಿಕೆಯ ಸುಣ್ಣದ ಪೊಟ್ಟಣವನ್ನು ಅವರ ಕೈಗೆ ಆಟಕ್ಕೆ ಕೊಡಲೇಬಾರದು. ಅದು ಆಗಲೇ ಅರಳಿದ್ದರಿಂದ ಬಿಸಿ ಇಲ್ಲವಾದರೂ ಅದರ ಕ್ಷಾರ ಕಣ್ಣನ್ನು ಸುಡುತ್ತದೆ. ಕಣ್ಣಿಗೆ ಸುಣ್ಣ ಸಿಡಿದರೆ ಉಜ್ಜದೆ, ಕಾಣುವ ಚೂರುಗಳನ್ನು ಮೆಲ್ಲನೆ ತೆಗೆದು, ಇಪ್ಪತ್ತು ನಿಮಿಷವಾದರೂ ಧಾರಾಳವಾಗಿ ನೀರಿನಿಂದ ತೊಳೆದು, ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು.